ಬಿದ್ದ ಹೊತ್ತು, ಬೀಳದ ಹೊತ್ತು

ಮೇಷ್ಟ್ರ ಕಂಪ್ಯೂಟರಿನೊಳಗೆ ನಾಲ್ಕು ತಾಲ್ಲೂಕುಗಳಿವೆ. ‘ಹುಣಸೂರು’ ಅನ್ನುವ ಫೋಲ್ಡರಿನಲ್ಲಿ ಲಕ್ಷ್ಮಣತೀರ್ಥದ ದಡದ ಗೀಜಗಗಳು. ‘ಕೋಟೆ’ಯಲ್ಲಿ ಬೇಸಗೆಗೆ ಕಬಿನಿ ಹಿನ್ನೀರಿಗಿಳಿಯುವ ಆನೆ ಹಿಂಡು. ‘ಕೆ.ಆರ್. ನಗರ’ ತೆರೆದರೆ ಚುಂಚನಕಟ್ಟೆಯ ಬಂಡೆಗಳ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆಗಳು. ‘ಪಿರಿಯಾಪಟ್ಟಣ’ದಲ್ಲಿ ಬೆಟ್ಟದಪುರದ ಬೆಟ್ಟ, ಮೋಡ, ಹದ್ದು. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಹುಣಸೂರಿನಿಂದ ವೀರನಹೊಸಹಳ್ಳಿ ಕಡೆ ಹೋಗುವ ದಾರಿಯಲ್ಲಿ ಅವರ ಊರು. ಹಿತ್ತಲು ದಾಟಿದರೆ ಹೊಗೆಸೊಪ್ಪಿನ ಹೊಲ, ಹೊಲದಾಚೆ ಆನೆ ಕಂದಕ, ಕಂದಕದಾಚೆ ನಾಗರಹೊಳೆಯ ಕಾಡು. ಹೊಲದಂಚಿನ ಬೇಲಿಗೂಟಕ್ಕೆ ಒಂದು ಅಗ್ಗದ ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದಾರೆ. ಕಾಡುಹಂದಿ, ಮುಳ್ಳುಹಂದಿ, ಪುನುಗು ಬೆಕ್ಕು, ಅಪರೂಪಕ್ಕೊಮ್ಮೆ ಚಿರತೆ. ಅದರ ಕಾರ್ಡು ತಂದು ಕಂಪ್ಯೂಟರಿಗೆ ಇಳಿಸಿ, ಫೋಲ್ಡರು ತೆರೆದು, ಒಂದೊಂದೇ ನೋಡುತ್ತಾ ಕೂರುವುದು ಅವರ ದಿನಚರಿ.

ಆ ಕಂಪ್ಯೂಟರು ಬೀಳತೊಡಗಿತು. ಭಾರದ ಕೆಲಸ ಕೊಟ್ಟಾಗ ಬಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಇದು ಬೀಳುತ್ತಿದ್ದದ್ದು ಸುಮ್ಮನೆ ಫೋಲ್ಡರು ತೆರೆದು ಮೌಸಿನ ಗಾಲಿ ತಿರುಗಿಸುವಾಗ.

ಹುಣಸೂರಿನ ರಿಪೇರಿ ಹುಡುಗ ಬಂದು ನೋಡಿ ಅಲ್ಲೇ ತೀರ್ಪು ಕೊಟ್ಟ. “ವಿಂಡೋಸ್ ಹಳೇದಾಗದೆ ಸಾ. ಫಾರ್ಮ್ಯಾಟ್ ಹೊಡ್ದು ಹೊಸಾದ್ ಹಾಕ್ಬುಡ್ತೀನಿ. ಸಾಯಂಕಾಲಕ್ಕೆ ಕೊಟ್ಬುಡ್ತೀನಿ.”

“ಎಲ್ಲಾ ಒರೆಸಿಬಿಟ್ರೆ ಸುಳಿವೂ ಹೋಗ್ತದಲ್ಲಪ್ಪ” ಅಂದರು ಮೇಷ್ಟ್ರು. “ಯಾಕೆ ಬೀಳ್ತದೆ ಅಂತ ಮೊದ್ಲು ತಿಳ್ಕೊಳ್ಳೋಣ. ತಡಿ.”

ಹುಡುಗ ನನ್ನ ಕಡೆ ನೋಡಿದ. ನಾನು ಮೇಷ್ಟ್ರ ಕಡೆ. ಫಾರ್ಮ್ಯಾಟು ಎಷ್ಟೋ ಸಲ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಏನು ಸರಿಹೋಯಿತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಮರುತಿಂಗಳು ಮತ್ತೆ ಬಿದ್ದರೆ ಮತ್ತೆ ಫಾರ್ಮ್ಯಾಟು.

ಮೊದಲು ಮಾಡಿದ್ದು ನಾಲ್ಕೂ ತಾಲ್ಲೂಕುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಟ್ಟದ್ದು. ಡಿಸ್ಕೇ ಸಾಯುತ್ತಿದ್ದರೆ ಪರೀಕ್ಷೆಯ ಹೊರೆಯೇ ಅದನ್ನು ಮುಗಿಸಿಬಿಡಬಹುದು. ಆಮೇಲೆ ಒಂದು ನೋಟು ಪುಸ್ತಕ ತೆಗೆದೆವು. ಅದರಲ್ಲಿ ಬರೆಯುವ ಕ್ರಮವನ್ನು ಹುಲಿ ಲೆಕ್ಕದಿಂದ ಎರವಲು ತಂದೆವು.

ಕಂದಕದಾಚೆಯ ಅದೇ ಕಾಡಿನಲ್ಲಿ 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳ ಸಂಖ್ಯೆ ಅಂದಾಜು ಮಾಡುವ ಕ್ರಮವನ್ನು ರೂಪಿಸಿದರು; 1995ರಲ್ಲಿ ಅದರ ಪ್ರಬಂಧ ಹೊರಬಂತು. ಪಟ್ಟೆ ನೋಡಿ ಹುಲಿಯ ಗುರುತು ಹಿಡಿಯುತ್ತಾರೆ ಅನ್ನುವುದಷ್ಟೇ ಜನಕ್ಕೆ ನೆನಪು. ಲೆಕ್ಕ ನಿಂತಿರುವುದು ಇನ್ನೊಂದರ ಮೇಲೆ. ಒಂದೊಂದು ಹುಲಿಗೂ ಒಂದು ಸಾಲು. ಕ್ಯಾಮೆರಾಕ್ಕೆ ಸಿಕ್ಕ ಸರದಿಗೆ 1, ಸಿಗದ ಸರದಿಗೆ 0. ಆ ಸೊನ್ನೆಗಳನ್ನು ಬರೆದಿಡದಿದ್ದರೆ ಕಣ್ಣಿಗೆ ಬೀಳದೆ ಉಳಿದ ಹುಲಿಗಳೆಷ್ಟು ಅಂತ ಅಂದಾಜು ಮಾಡಲು ಆಧಾರವೇ ಇರುವುದಿಲ್ಲ. ಕಂಪ್ಯೂಟರು ಕೆಟ್ಟಾಗ ನಾವು ಬಿದ್ದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ. ‘ಯಾವಾಗ್ಲೂ ಹ್ಯಾಂಗ್ ಆಯ್ತದೆ’ ಅನ್ನುತ್ತೇವೆ. ಯಾವಾಗಲೂ ಅಲ್ಲ. ಮೇಷ್ಟ್ರ ಪುಸ್ತಕದಲ್ಲಿ ಗೆರೆ ಹೊಡೆದು ಬರೆದದ್ದು ಇಷ್ಟು: ಹೊತ್ತು, ಯಾವ ಫೋಲ್ಡರು, ದೊಡ್ಡ ಐಕಾನಿನಲ್ಲಿ ನೋಡಿದ್ದೋ ಬರೀ ಹೆಸರಿನ ಪಟ್ಟಿಯಲ್ಲೋ, ಹೊಸದಾಗಿ ಇಳಿಸಿದ ಕಾರ್ಡೋ ಹಳೆಯದೋ, ಸೆಕೆ ಹೇಗಿತ್ತು, ಕರೆಂಟು ಹೇಗಿತ್ತು. ಕೊನೆಯ ಮನೆಯಲ್ಲಿ 1 ಅಥವಾ 0.

ಪುಟ ತುಂಬುವ ಮೊದಲೇ ಒಂದು ಸಂಗತಿ ಎದ್ದು ಕಂಡಿತು. ಬೀಳುತ್ತಿದ್ದದ್ದು ಒಂದೇ ಬಗೆಯಾಗಿ ಅಲ್ಲ.

ಒಂದು ಬಗೆಯಲ್ಲಿ ಫೋಲ್ಡರಿನ ಕಿಟಕಿ ಮಾತ್ರ ಮಾಯ. ಕೆಳಗಿನ ಟಾಸ್ಕ್‌ಬಾರೂ ಹೋಗಿ, ತೆರೆ ಒಂದು ಗಳಿಗೆ ಖಾಲಿಯಾಗಿ, ಮತ್ತೆ ಎಲ್ಲ ವಾಪಸು ಬರುತ್ತದೆ. ಹಾಡು ಹಾಕಿದ್ದರೆ ಅದು ನಿಲ್ಲುವುದೂ ಇಲ್ಲ. ಟಾಸ್ಕ್‌ಬಾರ್, ಡೆಸ್ಕ್‌ಟಾಪ್, ಫೋಲ್ಡರಿನ ಕಿಟಕಿ ಮೂರನ್ನೂ ನಡೆಸುವುದು ಎಕ್ಸ್‌ಪ್ಲೋರರ್ ಅನ್ನುವ ಒಂದೇ ಪ್ರೋಗ್ರಾಮು. ಬಿದ್ದದ್ದು ಅದು, ಯಂತ್ರವಲ್ಲ. ಇನ್ನೊಂದು ಬಗೆಯಲ್ಲಿ ಇಡೀ ಸಿಪಿಯು ಡಬ್ಬವೇ ಟಪ್ ಅಂತ ಆರಿಹೋಗುತ್ತದೆ. ಫ್ಯಾನಿನ ಸದ್ದೂ ಇಲ್ಲ.

ವಿಂಡೋಸ್ ತನ್ನಷ್ಟಕ್ಕೆ ತಾನು ಡೈರಿ ಬರೆಯುತ್ತಿರುತ್ತದೆ. ರಿಲಯಬಿಲಿಟಿ ಮಾನಿಟರ್ ತೆರೆದರೆ ದಿನವಾರು ಕೆಂಪು ಗುರುತುಗಳು ಸಿಗುತ್ತವೆ, ಈವೆಂಟ್ ವ್ಯೂಯರ್ ತೆರೆದರೆ ನಿಮಿಷ ಸೆಕೆಂಡು ಸಹಿತ ವಿವರ. ಮೊದಲ ಬಗೆಯ ಪ್ರತಿ ಬೀಳುವಿಕೆಗೂ ಅಲ್ಲಿ 1000 ಅಂಕಿಯ ದಾಖಲೆ ಇತ್ತು: ಬಿದ್ದ ಪ್ರೋಗ್ರಾಮು ಎಕ್ಸ್‌ಪ್ಲೋರರ್, ಬೀಳಿಸಿದ ಮಾಡ್ಯೂಲು ಇಂಥದ್ದು, ದೋಷದ ಸಂಕೇತ 0ಎಕ್ಸ್‌ಸಿ0000005, ಅಂದರೆ ತನ್ನದಲ್ಲದ ಮೆಮೊರಿಗೆ ಕೈಹಾಕಿದ್ದು. ಎರಡನೆಯ ಬಗೆಗೆ ಸಿಕ್ಕಿದ್ದು 41 ಅಂಕಿಯ ದಾಖಲೆ, ಕರ್ನಲ್-ಪವರ್. ಕಾಡಿನಲ್ಲಿ ಸತ್ತ ಕಡವೆ ಸಿಕ್ಕಿದ ಹಾಗೆ ಅದು. ಸತ್ತಿದೆ ಅನ್ನುವುದು ಖಂಡಿತ, ಯಾರು ಕೊಂದರು ಅನ್ನುವುದಿಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಅಂತ ಹೇಳಿ ಸುಮ್ಮನಾಗುತ್ತದೆ.

ಅಲ್ಲಿಂದ ಪುಸ್ತಕದಲ್ಲಿ ಎರಡು ಸಾಲು ಬೇರೆ ಬೇರೆ.

ಮೊದಲ ಸಾಲಿನಲ್ಲಿ ಹೊತ್ತಿಗೆ ಅರ್ಥವಿರಲಿಲ್ಲ. ಬೆಳಗಿನ ಜಾವದ ತಂಪಿನಲ್ಲೂ 1, ಉರಿಬಿಸಿಲಿನಲ್ಲೂ 1. ಆದರೆ ಜಾಗ ಮಾತ್ರ ಒಂದೇ: ‘ಹೊಲದಂಚು’ ಅನ್ನುವ ಒಳಫೋಲ್ಡರು, ಅದರಲ್ಲೂ ಅರ್ಧಕ್ಕಿಂತ ಕೆಳಗೆ ಇಳಿದಾಗ. ಬರೀ ಹೆಸರಿನ ಪಟ್ಟಿಯಲ್ಲಿ ನೋಡಿದರೆ 0. ಹಾಗಾದರೆ ಎಡವುತ್ತಿರುವುದು ಥಂಬ್‌ನೇಲ್, ಅಂದರೆ ಚಿತ್ರದ ಪುಟ್ಟ ಪ್ರತಿ, ಮಾಡುವಾಗ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಥಂಬ್‌ನೇಲ್ ಬೇಡ, ಐಕಾನ್ ಸಾಕು ಅನ್ನುವ ಕಡೆ ಟಿಕ್ ಹಾಕಿದೆವು. ದೊಡ್ಡ ಐಕಾನಿನಲ್ಲೂ 0.

ಇಷ್ಟಕ್ಕೆ ಬಿಟ್ಟುಬಿಡಬಹುದಿತ್ತು. ಆದರೆ ಸಾವಿರಾರು ಚಿತ್ರಗಳಲ್ಲಿ ಪುನುಗು ಬೆಕ್ಕನ್ನು ಹುಡುಕುವವನಿಗೆ ಥಂಬ್‌ನೇಲ್ ಇಲ್ಲದ ಫೋಲ್ಡರು ಕುರುಡು. ಹಾಗಾಗಿ ಬೀಳಿಸುತ್ತಿರುವ ಫೈಲು ಯಾವುದೆಂದು ಹುಡುಕಲೇಬೇಕಾಯಿತು. ಇದಕ್ಕೆ ಅರ್ಧರ್ಧ ಮಾಡುವ ಹಳೆಯ ಉಪಾಯವೇ ಸಾಕು. ಅರ್ಧ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಥಂಬ್‌ನೇಲ್ ಹಾಕಿ ನೋಡಿ. ಯಾವ ಅರ್ಧ ಬೀಳುತ್ತದೋ ಅದನ್ನು ಮತ್ತೆ ಅರ್ಧ ಮಾಡಿ. 1,024 ಫೈಲುಗಳಿದ್ದರೂ 10 ಸಲಕ್ಕೆ ಒಂದಕ್ಕೆ ಇಳಿಯುತ್ತದೆ. ಸರಿಸುವುದನ್ನು ಕಮ್ಯಾಂಡ್ ಪ್ರಾಂಪ್ಟಿನಲ್ಲಿ ಮಾಡಿದರೆ ಒಳ್ಳೆಯದು, ಅಲ್ಲಿ ಯಾರೂ ಥಂಬ್‌ನೇಲ್ ತೆಗೆಯುವುದಿಲ್ಲ.

ಕೊನೆಗೆ ಉಳಿದದ್ದು ಕ್ಯಾಮೆರಾ ಟ್ರ್ಯಾಪಿನ ಒಂದು ಎಂಪಿ4 ವಿಡಿಯೊ. ಅಕ್ಕಪಕ್ಕದವುಗಳಿಗಿಂತ ಗಾತ್ರ ಚಿಕ್ಕದು. ಕಾರ್ಡಿನಿಂದ ಇಳಿಸುವಾಗ ಕರೆಂಟು ಹೋಗಿ ಅರ್ಧಕ್ಕೆ ನಿಂತದ್ದು. ಅನೇಕ ಕ್ಯಾಮೆರಾಗಳು ವಿಡಿಯೊದ ಸೂಚಿಯನ್ನು, ಯಾವ ದೃಶ್ಯ ಫೈಲಿನ ಎಲ್ಲಿದೆ ಅನ್ನುವ ಪಟ್ಟಿಯನ್ನು, ಕಟ್ಟಕಡೆಗೆ ಬರೆಯುತ್ತವೆ. ನಕಲು ಅರ್ಧಕ್ಕೆ ನಿಂತರೆ ದೃಶ್ಯಗಳು ಬಂದಿರುತ್ತವೆ, ಸೂಚಿ ಬಂದಿರುವುದಿಲ್ಲ. ಇಂಥ ಫೈಲು ಸಿಕ್ಕರೆ ನೆಟ್ಟಗಿರುವ ಪ್ರೋಗ್ರಾಮು ಕೈಚೆಲ್ಲಿ ಖಾಲಿ ಐಕಾನು ತೋರಿಸುತ್ತದೆ. ಮೇಷ್ಟ್ರು ಯಾವಾಗಲೋ ಮದುವೆ ವಿಡಿಯೊ ನೋಡಲೆಂದು ಹಾಕಿಕೊಂಡ ಒಂದು ಕೋಡೆಕ್ ಪ್ಯಾಕು ಹಾಗಿರಲಿಲ್ಲ. 1000ರ ದಾಖಲೆಯಲ್ಲಿದ್ದ ಮಾಡ್ಯೂಲಿನ ಹೆಸರು ಅದರದೇ. ಸಾಮಾನ್ಯವಾಗಿ ವಿಂಡೋಸ್ ಹೊರಗಿನವರ ಥಂಬ್‌ನೇಲ್ ಕೆಲಸವನ್ನು ಎಕ್ಸ್‌ಪ್ಲೋರರಿನ ಒಳಗೆ ಬಿಟ್ಟುಕೊಳ್ಳದೆ ಪ್ರತ್ಯೇಕವಾಗಿ ಮಾಡಿಸುತ್ತದೆ, ಕೆಟ್ಟರೆ ಅದೊಂದೇ ಕೆಡಲಿ ಅಂತ. ಕೆಲವು ಪ್ರೋಗ್ರಾಮುಗಳು ಆ ಕಟ್ಟು ಬೇಡವೆಂದು ಹೇಳಿ ಒಳಗೇ ಬಂದು ಕೂರುತ್ತವೆ. ಅಂಥವು ಬಿದ್ದರೆ ಮನೆಯಜಮಾನನನ್ನೂ ಎಳೆದುಕೊಂಡೇ ಬೀಳುತ್ತವೆ. ಪ್ಯಾಕನ್ನು ತೆಗೆದುಹಾಕಿದೆವು. ಮೊದಲ ಸಾಲು ಅಲ್ಲಿಂದಾಚೆ ಬರೀ ಸೊನ್ನೆ.

(ದಾರಿಯಲ್ಲಿ ಬಿಟ್ಟುಕೊಟ್ಟ ಒಂದು ಅನುಮಾನವನ್ನೂ ಹೇಳಬೇಕು. ಮೇಷ್ಟ್ರು ಫೈಲುಗಳಿಗೆ ಕನ್ನಡದಲ್ಲಿ ಉದ್ದುದ್ದ ಹೆಸರಿಡುತ್ತಾರೆ. ವಿಂಡೋಸಿನ ಹಳೆಯ ಕಟ್ಟಳೆಯಲ್ಲಿ ಫೈಲಿನ ಪೂರ್ತಿ ವಿಳಾಸ 260 ಚಿಹ್ನೆ ಮೀರುವಂತಿಲ್ಲ. ‘ಲಕ್ಷ್ಮಣತೀರ್ಥ’ ನಮ್ಮ ಬಾಯಲ್ಲಿ ಐದೇ ಅಕ್ಷರ. ಒತ್ತು, ದೀರ್ಘಗಳೆಲ್ಲ ಬೇರೆ ಬೇರೆ ಚಿಹ್ನೆಗಳಾಗಿ ಯೂನಿಕೋಡಿನಲ್ಲಿ 12. ಕನ್ನಡಿಗರು ಆ ಮಿತಿಯನ್ನು ಬೇಗ ಮುಟ್ಟುತ್ತಾರೆ. ಆದರೆ ಮುಟ್ಟಿದಾಗ ಸಿಗುವುದು ನಕಲು ಆಗುವುದಿಲ್ಲ ಅನ್ನುವ ತಕರಾರು, ಹೀಗೆ ಬೀಳುವುದಲ್ಲ.)

ಎರಡನೆಯ ಸಾಲಿನ ಗುಣವೇ ಬೇರೆ. ಒಂದೇ ಜಾಗವಿಲ್ಲ, ಒಮ್ಮೆ ಕೋಟೆ, ಒಮ್ಮೆ ಹುಣಸೂರು. ಒಂದನ್ನು ಬಿಟ್ಟರೆ 1 ಇದ್ದದ್ದೆಲ್ಲ ಮಧ್ಯಾಹ್ನ, ಅದೂ ಹೊಸದಾಗಿ ಇಳಿಸಿದ ಕಾರ್ಡಿನ ಮೇಲೆ. ಹಳೆಯ ಫೋಲ್ಡರುಗಳು ಅದೇ ಬಿಸಿಲಲ್ಲಿ, ಅದೇ ದೊಡ್ಡ ಐಕಾನಿನಲ್ಲಿ ತಣ್ಣಗೆ ತೆರೆದುಕೊಳ್ಳುತ್ತಿದ್ದವು. ಹಳೆಯದಕ್ಕೆ ಯಾಕೆ 0? ಈ ಸೊನ್ನೆಯ ಮುಂದೆ ತುಂಬ ಹೊತ್ತು ಕೂತೆವು. ಉತ್ತರ ಥಂಬ್‌ನೇಲಿನಲ್ಲೇ ಇತ್ತು. ಒಮ್ಮೆ ಮಾಡಿದ ಥಂಬ್‌ನೇಲನ್ನು ವಿಂಡೋಸ್ ಕೂಡಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಬರೀ ತೆಗೆದು ತೋರಿಸುತ್ತದೆ. ಹೊಸ ಫೋಲ್ಡರಿಗೆ ಮಾತ್ರ ಒಂದೊಂದು ಚಿತ್ರವನ್ನೂ ಬಿಚ್ಚಿ, ಕುಗ್ಗಿಸಿ, ಇಡಬೇಕು. ನಮಗೆ ಸುಮ್ಮನೆ ನೋಡುವ ಕೆಲಸ, ಪ್ರೊಸೆಸರಿಗೆ ಮೈಮುರಿಯುವ ದುಡಿಮೆ.

ಹಾಗಿದ್ದರೆ ಪರೀಕ್ಷೆ ಸುಲಭ. ಡಿಸ್ಕ್ ಕ್ಲೀನಪ್‌ನಲ್ಲಿ ಕೂಡಿಟ್ಟ ಥಂಬ್‌ನೇಲುಗಳನ್ನು ಅಳಿಸಿ, ತಣ್ಣಗಿದ್ದ ಹಳೆಯ ಫೋಲ್ಡರನ್ನೇ ಮಧ್ಯಾಹ್ನ ತೆರೆದೆವು. ಬಿತ್ತು. ಮತ್ತೆ ಅಳಿಸಿ ಬೆಳಗಿನ ಜಾವ ತೆರೆದೆವು. ಬೀಳಲಿಲ್ಲ. ಬಿಸಿ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಡೆಸ್ಕ್‌ಟಾಪಿನ ಅನೇಕ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗುವ ಬದಲು ಆರಿಹೋಗುತ್ತವೆ. ಹಾರ್ಡ್ ಡಿಸ್ಕಿನ ಸ್ಮಾರ್ಟ್ ವರದಿಯನ್ನೂ ನೋಡಿದ್ದೆವು. ಕೆಟ್ಟ ಸೆಕ್ಟರುಗಳನ್ನು ಹೇಳುವ 5 ಮತ್ತು 197ನೆಯ ಸಾಲುಗಳಲ್ಲಿ ಸೊನ್ನೆ. ರ‍್ಯಾಮ್ ಪರೀಕ್ಷೆಯೂ ಪಾಸು.

ಪ್ಲಗ್ಗು ಕಿತ್ತು, ಪವರ್ ಗುಂಡಿ ಒಮ್ಮೆ ಒತ್ತಿ, ಡಬ್ಬದ ಪಕ್ಕದ ತಗಡು ತೆಗೆದೆವು.

ಅಲ್ಲಿಂದ ಮೇಷ್ಟ್ರು ಕಂಪ್ಯೂಟರನ್ನು ಮರೆತರು. ಹಿಂಬದಿಯ ಗಾಳಿಕಿಂಡಿಗೆ ಅಂಟಿಕೊಂಡು ಹೆಬ್ಬೆರಳು ಗಾತ್ರದ ಮಣ್ಣಿನ ಕೊಳವೆಗಳು, ಒಂದರ ಪಕ್ಕ ಒಂದು: ಕುಂಬಾರ ಹುಳುವಿನ ಗೂಡು. ಹೆಣ್ಣು ಹುಳು ಬಚ್ಚಲ ನೀರು ಹರಿಯುವ ಕಡೆಯಿಂದ ಹಸಿಮಣ್ಣಿನ ಉಂಡೆ ಹೊತ್ತು ತಂದು, ಗುಂಯ್ ಗುಡುತ್ತಾ ಅದನ್ನು ಬಳಿದು ಕೊಳವೆ ಕಟ್ಟುತ್ತದೆ. ಜೇಡಗಳನ್ನು ಕುಟುಕಿ, ಕೊಲ್ಲದೆ, ಅಲುಗಾಡದಂತೆ ಮಾಡಿ ಒಳಗೆ ತುಂಬುತ್ತದೆ; ಮೊಟ್ಟೆಯಿಟ್ಟು ಬಾಯಿ ಮುಚ್ಚಿ ಹೋಗುತ್ತದೆ. ಮರಿಗೆ ತಾಜಾ ಊಟ. ಮೇಷ್ಟ್ರು ಒಂದು ಕೊಳವೆಯನ್ನು ಬ್ಲೇಡಿನಿಂದ ಸೀಳಿದರು. ಕಾಗದದಂಥ ಕಂದು ಪೊರೆ, ಅದರ ಬುಡದಲ್ಲಿ ಜೇಡದ ಕಾಲುಗಳ ಚೂರು. ಹುಳು ಎಂದೋ ಹಾರಿಹೋಗಿತ್ತು. ಹಳೆಯ ಗೂಡು, ಹಾಗಾಗಿ ಕೀಳಲು ಮೇಷ್ಟ್ರಿಗೂ ಅಡ್ಡಿಯಿರಲಿಲ್ಲ. ಕೆಳಗಿನ ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆಯ ಒಡೆದ ಸಿಪ್ಪೆ.

ಗೂಡು ಕಿಂಡಿಯನ್ನು ಪೂರ್ತಿ ಮುಚ್ಚಿರಲಿಲ್ಲ. ಉಳಿದದ್ದನ್ನು ಮಾಡಿದ್ದು ಮಸಿ. ಪ್ರೊಸೆಸರಿನ ಮೇಲಿನ ಫ್ಯಾನು, ಅದರಡಿಯ ಅಲ್ಯುಮಿನಿಯಂ ಹಲ್ಲುಗಳ ನಡುವೆ ಕಪ್ಪಗೆ, ಅಂಟಂಟಾಗಿ, ಕಂಬಳಿಯಂತೆ ಕೂತಿತ್ತು. ಈ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ. ಸೊಪ್ಪು ಮುರಿಯಲು ಶುರುವಾದರೆ ತಿಂಗಳುಗಟ್ಟಲೆ ಬ್ಯಾರನ್ನುಗಳ ಒಲೆ ಆರುವುದಿಲ್ಲ. ಸೌದೆ ಉರಿಸಿ ಹಗಲೂ ರಾತ್ರಿ ಕಾವು ಕೊಟ್ಟು ಎಲೆ ಬೇಯಿಸುತ್ತಾರೆ. ಮೇಷ್ಟ್ರ ಕಿಟಕಿಗೆ ಪಕ್ಕದ ಹೊಲದ ಬ್ಯಾರನ್ನು ಎದುರೇ. ಪಟ್ಟಣದ ಕಂಪ್ಯೂಟರಿನ ಧೂಳು ಊದಿದರೆ ಹಾರುತ್ತದೆ. ಇದು ಹಾರಲಿಲ್ಲ. ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡು, ಒಣ ಬ್ರಶ್ಶಿನಲ್ಲಿ ಹಲ್ಲು ಹಲ್ಲು ಉಜ್ಜಬೇಕಾಯಿತು. ಪ್ರೊಸೆಸರ್ ಮತ್ತು ಅಲ್ಯುಮಿನಿಯಂ ನಡುವಿನ ಪೇಸ್ಟು ಒಣಗಿ ಬಿರುಕುಬಿಟ್ಟಿತ್ತು. ಅದನ್ನು ಒರೆಸಿ ಹೊಸದು ಹಚ್ಚಿದವನು ಅದೇ ರಿಪೇರಿ ಹುಡುಗ. ಅವನ ಕೈ ನಮ್ಮಿಬ್ಬರಿಗಿಂತ ಚೆನ್ನ. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಬಿಚ್ಚಲಿಲ್ಲ; ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಕರೆಂಟು ನಿಂತಿರುತ್ತದೆ.

“ಈ ಹುಳಾನ ನಾನ್ ಎಷ್ಟೋ ಸಿಪಿಯುನಾಗೆ ಕಿತ್ತಾಕಿವ್ನಿ ಸಾ, ಜೇಡ ಮಡಗ್ತದೆ ಅಂತ ಗೊತ್ತಿರ್ನಿಲ್ಲ” ಅಂದ ಹುಡುಗ.

ಕಿಂಡಿಗೆ ಸಣ್ಣ ಜಾಲರಿ ಹಾಕುವ ಮಾತು ಬಂತು. ಹುಳುವನ್ನು ತಡೆಯುವಷ್ಟು ಸಣ್ಣದಾದರೆ ಮಸಿ ಅದನ್ನೇ ಮೊದಲು ಮುಚ್ಚುತ್ತದೆ. ಡಬ್ಬವನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದ್ದಾಯಿತು. ಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚುವುದು ಅಂತ ಗೊತ್ತುಮಾಡಿಕೊಂಡರು. ಅರ್ಧಕ್ಕೆ ನಿಂತಿದ್ದ ವಿಡಿಯೊವನ್ನೂ ಎಸೆಯಲಿಲ್ಲ. ಅದೇ ಕ್ಯಾಮೆರಾದ ಒಂದು ಚೆನ್ನಾಗಿರುವ ವಿಡಿಯೊವನ್ನು ಮಾದರಿಯಾಗಿ ಕೊಟ್ಟರೆ ಕಳೆದ ಸೂಚಿಯನ್ನು ಮತ್ತೆ ಕಟ್ಟಿಕೊಡುವ ಪ್ರೋಗ್ರಾಮುಗಳಿವೆ. ಸಿಕ್ಕಿದ್ದು ಬೇಲಿಗೂಟಕ್ಕೆ ಮೈ ತಿಕ್ಕುವ ಪಕ್ಕದ ಮನೆಯ ಎಮ್ಮೆ.

ಎರಡನೆಯ ಸಾಲಿನಲ್ಲೂ ಈಗ ಸೊನ್ನೆಗಳು. ಹೊಂದದೆ ಉಳಿದದ್ದು ಒಂದೇ ಒಂದು 1. ಮುಂಗಾರಿಗೆ ಮುಂಚಿನ ಒಂದು ಸಂಜೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ದಿಕ್ಕಿನಲ್ಲಿ ಮಿಂಚುತ್ತಿದ್ದಾಗ, ಯಾವ ಫೋಲ್ಡರೂ ತೆರೆದಿರದ ಯಂತ್ರ ಆರಿ ಹತ್ತಿತ್ತು. 41 ಅಂಕಿಯ ದಾಖಲೆ ಇದೆ, ಬಿಸಿಯಿರಲಿಲ್ಲ. ಲೈನಿನಲ್ಲಿ ಏರಿಳಿತವಾಗಿ ಯುಪಿಎಸ್ ತಡೆಯದೆ ಹೋಗಿರಬಹುದು. ಅದರ ಬ್ಯಾಟರಿ ಹಳೆಯದಿತ್ತು, ಹುಣಸೂರಿನಲ್ಲಿ ಹೊಸದು ಹಾಕಿಸಿದ್ದಾರೆ. ಆದರೆ ಆವತ್ತಿನಿಂದ ಗುಡುಗು ಕೇಳಿದ ಕೂಡಲೇ ಮೇಷ್ಟ್ರು ಎದ್ದು ಪ್ಲಗ್ಗು ಕಿತ್ತುಬಿಡುತ್ತಾರೆ. ಬ್ಯಾಟರಿಯದೋ ಬೇರೆಯದೋ ಅಂತ ತಿಳಿಯಬೇಕಾದರೆ ಗುಡುಗುವಾಗ ಯಂತ್ರ ಹತ್ತಿಕೊಂಡಿರಬೇಕು. ಅದಕ್ಕೆ ಅವರು ಒಪ್ಪುತ್ತಿಲ್ಲ.