ಥಂಡಿಗೆ ಹಸಿದ ಹಕ್ಕಿ ತೊಗರಿಗೆ ನೆಂಟ

ಕಾರ್ತಿಕ ಮುಗಿದು ಎಳ್ಳಮಾವಾಸ್ಯೆ ಬರುವ ತನಕ ನಮ್ಮ ಸೇಡಂ ಸೀಮೆಯಲ್ಲಿ ನಸುಕಿನ ಥಂಡಿ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಂಥ ಒಂದು ನಸುಕಿನಲ್ಲಿ ಕುರಕುಂಟಾದ ಹೊಲದ ಬದುವಿನಲ್ಲಿ ನಿಂತಿದ್ದೆ. ಜಾಲಿಯ ಮೇಲೆ ಕರಿ ಕಾಜಾಣವೊಂದು ಮೈಯುಬ್ಬಿಸಿಕೊಂಡು ಚೆಂಡಿನಂತೆ ಕುಳಿತಿತ್ತು. "ಸಾಹೇಬ್ರ, ಹಕ್ಕಿಗಿ ಜಡ್ಡಾಗ್ಯಾದ ನೋಡ್ರಿ" ಎಂದರು ಹೊಲದ ಯಜಮಾನರು. ಜಡ್ಡಲ್ಲ, ಅದು ಕೌದಿ ಹೊದ್ದುಕೊಂಡಿತ್ತು ಅಷ್ಟೆ.

ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿ ಏಕೆ ಬೆಚ್ಚಗಿರುತ್ತದೆ? ಪದರುಗಳ ನಡುವೆ ಸಿಕ್ಕ ಗಾಳಿ ಮೈಯ ಕಾವನ್ನು ಹೊರಬಿಡುವುದಿಲ್ಲ. ಉಬ್ಬಿಸಿದ ಗರಿಗಳ ಕೆಲಸವೂ ಅದೇ. ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸುವುದು, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಎಳೆದುಕೊಳ್ಳುವುದು ಕೂಡ ಕಾವು ಉಳಿಸುವ ಉಪಾಯ. ಗರಿಯಿಲ್ಲದ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತವು ಪಕ್ಕದಲ್ಲೇ ಮೇಲೇರುವ ತಣ್ಣನೆಯ ರಕ್ತಕ್ಕೆ ತನ್ನ ಕಾವನ್ನು ಕೊಟ್ಟೇ ಮುಂದೆ ಹೋಗುತ್ತದೆ.

ಇಷ್ಟಿದ್ದರೂ ಸಾಲದು. ಹಕ್ಕಿಯ ಮೈಕಾವು ಸುಮಾರು 40 ಡಿಗ್ರಿ ಸೆಲ್ಸಿಯಸ್, ಅಂದರೆ ನಮಗೆ ಜೋರು ಜ್ವರ ಬಂದಷ್ಟು. ಗುಬ್ಬಿಯ ತೂಕವೋ 25-30 ಗ್ರಾಂ. ಹಂಡೆಯ ನೀರಿಗಿಂತ ಲೋಟದ ಚಹಾ ಬೇಗ ಆರುವಂತೆ ಸಣ್ಣ ಮೈ ಬೇಗ ಕಾವು ಕಳೆದುಕೊಳ್ಳುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ರಾತ್ರಿ ಸುಮಾರು 13 ತಾಸು. ಹಗಲೆಲ್ಲ ತಿಂದು ಕೂಡಿಟ್ಟ ಕೊಬ್ಬೇ ಅಷ್ಟೂ ಹೊತ್ತಿನ ಕಟ್ಟಿಗೆ. ಬೆಳಗಾಗುವಷ್ಟರಲ್ಲಿ ಅದು ಬಹುಮಟ್ಟಿಗೆ ಉರಿದುಹೋಗಿರುತ್ತದೆ. ಹೊಟ್ಟೆ ತುಂಬಿದ ಹಕ್ಕಿ ಚಳಿಯನ್ನು ತಡೆದೀತು, ಹಸಿದದ್ದು ತಡೆಯಲಾರದು.

ಹಿಮ ಬಿದ್ದು ಮೇವು ಮುಚ್ಚಿಹೋಗುವ ನಾಡಿನ ಹಕ್ಕಿಗಳು ದಕ್ಷಿಣಕ್ಕೆ ಬರುವುದೂ ಹೊಟ್ಟೆಪಾಡಿಗಾಗಿಯೇ. ಹಿಮಾಲಯ ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೀವು ಕೇಳಿರಬಹುದು. ನಮ್ಮ ಹಿಂಗಾರಿ ಜೋಳಕ್ಕೆ ಮೋಡದಂತೆ ಇಳಿಯುವ, ಕರಿ ತಲೆಯ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾ ಕಡೆಯದು. ಕವಣೆ ಹಿಡಿದು ಜೋಳ ಕಾಯುವವರಿಗೆ ಈ ನೆಂಟನ ಮೇಲೆ ಪ್ರೀತಿ ಬರುವುದು ಕಷ್ಟ. ನಾನೂ ಒತ್ತಾಯ ಮಾಡುವುದಿಲ್ಲ.

ಆದರೆ ತೊಗರಿಯ ಲೆಕ್ಕ ಬೇರೆ. ಹೂವು, ಕಾಯಿಯ ಕಾಲಕ್ಕೆ ಕಾಯಿಕೊರಕದ ಹುಳ ಬೀಳುತ್ತದೆ. ಅದೇ ಹೊತ್ತಿಗೆ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಖಾಲಿ ಹೊಟ್ಟೆಯಲ್ಲಿ ಹೊಲಕ್ಕೆ ಇಳಿಯುತ್ತವೆ. ಗಿಡ ಅಲ್ಲಾಡಿಸಿ ಹುಳ ಉದುರಿಸುವಾಗ ಅವು ಹೇಗೆ ಮುತ್ತುತ್ತವೆಂದು ನೀವೇ ನೋಡಿದ್ದೀರಿ. ಅವಕ್ಕೆ ಬೇಕಾದದ್ದು ಕೂಡ್ರಲು ಒಂದು ಜಾಗ. ಬದುವಿನ ಜಾಲಿ ಕಡಿಯಿರಿ, ನೆರಳಿಗೆ ಬೆಳೆ ಬಾರದು ಎಂದು ಹಿಂದೆ ನಾನೇ ಎಷ್ಟೋ ಜನರಿಗೆ ಹೇಳಿದ್ದುಂಟು. ಹಾಗೆ ಹೇಳಿದ್ದು ತಪ್ಪಾಯಿತು. ನೆರಳು ಹೆಚ್ಚಾದರೆ ಟೊಂಗೆ ಸವರಿರಿ, ಮರ ಇರಲಿ.

ಇನ್ನೊಂದು ಮಾತು ವಿಷದ್ದು. ಔಷಧ ಹೊಡೆದ ಹೊಲದಲ್ಲಿ ಅರೆಜೀವವಾಗಿ ಬಿದ್ದ ಹುಳವನ್ನೇ ಹಸಿದ ಹಕ್ಕಿ ಮೊದಲು ಹೆಕ್ಕುತ್ತದೆ. 1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆಂದು ಮೊನೊಕ್ರೊಟೊಫಾಸ್ ಹೊಡೆದಾಗ, ಉತ್ತರದ ಚಳಿ ತಪ್ಪಿಸಿಕೊಂಡು ಬಂದಿದ್ದ ಸಾವಿರಾರು ಗಿಡುಗಗಳು ಸತ್ತವು. ಆದ್ದರಿಂದ ಮೊದಲು ಹುಳ ಎಣಿಸಿರಿ, ಆಮೇಲೆ ಡಬ್ಬಿ ತೆರೆಯಿರಿ.

ತೊಗರಿ ಮೊಗ್ಗು ಬಿಡುವಾಗಲೇ ಎಕರೆಗೆ 20ರಂತೆ, ಬೆಳೆಗಿಂತ ಒಂದಡಿ ಎತ್ತರಕ್ಕೆ, ತುದಿಗೆ ಅಡ್ಡಕಟ್ಟಿಗೆ ಕಟ್ಟಿದ ಗೂಟಗಳನ್ನು ನೆಡಿರಿ. ಕವಲಿರುವ ಒಣ ಟೊಂಗೆಯಾದರೂ ನಡೆದೀತು. ಹಾಲುತೆನೆಯ ಜೋಳದಲ್ಲಿ ಮಾತ್ರ ಬೇಡ. ಮರುದಿನ ಗೂಟದ ಬುಡದಲ್ಲಿ ಬಿಳಿ ಹಿಕ್ಕೆ ಕಂಡರೆ ಗಿರಾಕಿ ಬಂದು ಹೋಗಿದ್ದಾನೆಂದು ತಿಳಿಯಿರಿ.