ಎತ್ತರಿಸಿದ ಜೀಪಿಗೆ ಎಂತಹ ಟೈರು?

ಹೆಬ್ಬಾಳದಿಂದ ಯಲಹಂಕದ ಮೇಲೆ ಹಾಯ್ದು ನಂದಿಬೆಟ್ಟದ ಬುಡದ ಮಣ್ಣುದಾರಿಗೆ ಹೋಗುವ ಜೀಪಿನ ಟೈರುಗಳು ಬಹುಮಟ್ಟಿಗೆ ಸವೆಯುವುದು ಬಳ್ಳಾರಿ ರಸ್ತೆಯ ಡಾಂಬರಿನ ಮೇಲೆ. ಟೈರು ಬದಲಿಸುವಾಗ ನಮ್ಮ ಮಿತ್ರರು ಮರೆಯುವುದು ಇದನ್ನೇ.

ದಪ್ಪ ಹಲ್ಲುಗಳ ಕೆಸರು ಟೈರು ನೋಡಲು ಗಂಭೀರವೇನೋ ಹೌದು. ಹಲ್ಲುಗಳ ನಡುವಣ ಅಗಲವಾದ ಸಂದುಗಳಿಂದ ಕೆಸರು ತಾನಾಗಿ ಉದುರಿಹೋಗುವುದು. ಆದರೆ ಡಾಂಬರಿಗೆ ತಾಗುವ ರಬ್ಬರು ಕಡಮೆಯಾದುದರಿಂದ, ಮಳೆಯಲ್ಲಿ ನೆನೆದ ಮೇಲ್ಸೇತುವೆಯ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಎತ್ತರಿಸಿದ ಗಾಡಿಯ ಭಾರಕೇಂದ್ರವೂ ಮೇಲೇರಿರುವುದರಿಂದ ತಿರುವಿನಲ್ಲಿ ಉರುಳುವ ಭಯ ಬೇರೆ. (ಎತ್ತರಿಸುವುದಕ್ಕೇ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಅಡ್ಡಿಯುಂಟು, ಅದು ಬೇರೆ ಮಾತು.) ಆದಕಾರಣ ಎರಡೂ ನೆಲಕ್ಕೆ ಹೊಂದುವ ‘ಆಲ್ ಟೆರೇನ್’ ಜಾತಿಯೇ ನಮಗೆ ತಕ್ಕದ್ದು.

ಇನ್ನು ಅಳತೆ. 245/75 ಆರ್ 16 ಎಂದರೆ ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರಲ್ಲಿ ನೂರಕ್ಕೆ 75 ಪಾಲು, ರಿಮ್ಮು 16 ಅಂಗುಲ. ಇದರ ಬದಲು 265/75 ಹಾಕಿದರೆ ವ್ಯಾಸ 774ರಿಂದ 804 ಮಿ.ಮೀ.ಗೆ ಏರುವುದು. ಮೊದಲು ಸರಿಯಾಗಿದ್ದ ವೇಗಮಾಪಕ ಆಗ 80 ಎಂದು ತೋರಿಸಿದರೆ ಗಾಡಿ 83ರಲ್ಲಿ ಓಡುತ್ತಿರುತ್ತದೆ!

ಪಕ್ಕದಲ್ಲಿ ಅಚ್ಚಾಗಿರುವ ತಯಾರಿಕೆಯ ನಾಲ್ಕಂಕಿ 2324 ಎಂದಿದ್ದರೆ ಅದು 2024ರ 23ನೆಯ ವಾರದ ಟೈರು. ಯಶವಂತಪುರದಲ್ಲಿ ಕೊಂಡರೂ ಆರ್.ಟಿ. ನಗರದಲ್ಲಿ ಕೊಂಡರೂ, ಅಂಗಡಿಯವರು ಎಷ್ಟೇ ಅವಸರಪಡಿಸಲಿ, ಹಣ ಕೊಡುವ ಮುನ್ನ ಐದು ಟೈರುಗಳನ್ನೂ ಬಗ್ಗಿ ಓದಬೇಕು.