ಚನ್ನಪಟ್ಟಣದಲ್ಲಿ ನಡೆಯದ ಕಾಳಗ

1759ರಲ್ಲಿ ಚನ್ನಪಟ್ಟಣದ ಬಯಲಿನಲ್ಲಿ ಹೈದರ್ ಅಲಿಯ ಕುದುರೆಪಡೆ ಒಂದೇ ಕಾಳಗದಲ್ಲಿ ಮರಾಠರನ್ನು ಬಗ್ಗುಬಡಿದು ಓಡಿಸಿತು ಎಂಬ ಕಥೆಯನ್ನು ಇನ್ನಾದರೂ ಬಿಡಬೇಕು. ಅಂಥ ಕಾಳಗ ಅಲ್ಲಿ ನಡೆಯಲೇ ಇಲ್ಲ.

ಮರಾಠಾ ಸರದಾರ ಗೋಪಾಲರಾವ್ ಪಟವರ್ಧನ್ ಬೆಂಗಳೂರಿಗೆ ಮುತ್ತಿಗೆ ಹಾಕಿ, ಚನ್ನಪಟ್ಟಣದ ಕೋಟೆಯನ್ನೂ ಹಿಡಿದಿದ್ದ. ಬಯಲಿನಲ್ಲಿ ಮರಾಠಾ ಕುದುರೆಗೆ ಎದುರು ನಿಂತರೆ ಉಳಿಗಾಲವಿಲ್ಲವೆಂದು ಹೈದರನಿಗೆ ಗೊತ್ತಿತ್ತು. ಮದ್ದೂರು, ಮಳವಳ್ಳಿಗಳಿಗೆ ದಂಡು ಕಳಿಸಿದ. ಅವನ ಕಡೆಯ ಲುತ್ಫ್ ಅಲಿ ಬೇಗ್ ರಾತ್ರೋರಾತ್ರಿ ಗೋಡೆ ಹತ್ತಿ ಚನ್ನಪಟ್ಟಣದ ಕೋಟೆಯನ್ನು ಮರಳಿ ಹಿಡಿದ. ಗೋಪಾಲರಾವ್ ಬೆಂಗಳೂರು ಬಿಟ್ಟು ಇತ್ತ ತಿರುಗಿದ. ಮುಂದೆ ಸುಮಾರು ಮೂರು ತಿಂಗಳು ಬರೀ ಕಿರುಕುಳದ ಯುದ್ಧ. ಹೈದರನ ನಿಜವಾದ ಕಸುಬು ಅದೇ.

ಕೊನೆಗೆ ಸಂಧಿಯಾಯಿತು: ಮೈಸೂರು 32 ಲಕ್ಷ ರೂಪಾಯಿ ಕೊಡಬೇಕು, ಹಿಂದೆ ಅಲ್ಲಿನ ಮಂತ್ರಿ ನಂಜರಾಜಯ್ಯ ಅಡವಿಟ್ಟಿದ್ದ ತಾಲ್ಲೂಕುಗಳ ಮೇಲಿನ ಹಕ್ಕನ್ನು ಮರಾಠರು ಬಿಡಬೇಕು. ಇದನ್ನು ಹಿಡಿದು ಇನ್ನೊಂದು ಪಾಳೆಯ, ‘ಗೆಲುವನ್ನು ದುಡ್ಡು ಕೊಟ್ಟು ಕೊಂಡ’ ಎನ್ನುತ್ತದೆ. ಅದೂ ಅರ್ಧ ಸತ್ಯ. ಆ ಮೂರು ತಿಂಗಳ ಕಾಟವಿಲ್ಲದಿದ್ದರೆ ಮರಾಠರು ಮಾತುಕತೆಗೆ ಬರುತ್ತಿರಲಿಲ್ಲ, ಹಣವಿಲ್ಲದಿದ್ದರೆ ಹೋಗುತ್ತಿರಲಿಲ್ಲ. ಹಣದ ಒಂದು ಪಾಲನ್ನು ಹೈದರ್ ತನ್ನ ಮಾತಿನ ಮೇಲೆ ಸಾಹುಕಾರರಿಂದ ಎತ್ತಿದ. ಸಾಲ ತೀರಿಸುವ ನೆಪದಲ್ಲಿ ಆ ತಾಲ್ಲೂಕುಗಳ ಕಂದಾಯ ಅವನ ಕೈ ಸೇರಿತು. ಶ್ರೀರಂಗಪಟ್ಟಣದಲ್ಲಿ ‘ಫತೇ ಹೈದರ್’ ಬಿರುದು ಸಿಕ್ಕಿತು ನಿಜ, ಆದರೆ 1761ರಲ್ಲಿ ಅವನನ್ನು ಅಧಿಕಾರಕ್ಕೆ ಏರಿಸಿದ್ದು ಬಿರುದಿಗಿಂತ ಹೆಚ್ಚಾಗಿ ಆ ಕಂದಾಯ ಎಂದೇ ನನ್ನ ನಂಬಿಕೆ.

ಇದೆಲ್ಲ 1810ರಲ್ಲೇ ಅಚ್ಚಾದ ವಿಲ್ಕ್ಸ್‌ನ ಮೈಸೂರು ಇತಿಹಾಸದಲ್ಲಿದೆ. ಓದುವವರಿಲ್ಲ. ಮೊದಲು ಪಕ್ಷ ಹಿಡಿದು ಆಮೇಲೆ ಇತಿಹಾಸ ಹುಡುಕುವ ಚಾಳಿ ನಮ್ಮದು. ಮುಂದೆ ಟಿಪ್ಪುವಿನ ಕಾಲದ ಕಥೆಗಳೂ ಹೀಗೆಯೇ. ಕನಕಪುರವನ್ನು ಇಂಗ್ಲಿಷರು ಸುಟ್ಟರೆನ್ನುತ್ತಾರೆ; ಅವರಿಗೆ ಉಪಯೋಗವಾಗಬಾರದೆಂದು ಎರಡು ಸಲ ಅದನ್ನು ಹಾಳುಗೆಡವಿದ್ದು ಟಿಪ್ಪು. ಮಾಗಡಿಯ ಸಾವನದುರ್ಗವನ್ನು ಅಭೇದ್ಯವೆನ್ನುತ್ತಾರೆ. 1791ರ ಡಿಸೆಂಬರ್ 21ರಂದು ಇಂಗ್ಲಿಷರ ಒಂದೇ ಲಗ್ಗೆಗೆ ಅದು ಬಿತ್ತು.

ಹೈದರನನ್ನು ಬರೀ ಲೂಟಿಕೋರನೆಂದು ತಳ್ಳಿಹಾಕುವವರ ಜೊತೆಗೂ ನನಗೆ ಜಗಳವಿದೆ. ಲೂಟಿ ಮಾಡಿಸಿದ್ದು ಸುಳ್ಳಲ್ಲ. ಅದರಲ್ಲಿ ತನ್ನ ಪಾಲಿಗೆ ಲೆಕ್ಕ ಇಡಿಸುತ್ತಿದ್ದದ್ದೂ ಸುಳ್ಳಲ್ಲ. ಆದರೆ ಓದುಬರಹ ಬಾರದ ಆ ಮನುಷ್ಯ ಎಲ್ಲಿ ಕಾದಾಡಬಾರದೆಂದು ಅರಿತಿದ್ದ. ಅದನ್ನು ಮರೆತದ್ದು 1771ರ ಮಾರ್ಚ್‌ನಲ್ಲಿ. ಮೇಲುಕೋಟೆಯಿಂದ ರಾತ್ರಿಯಲ್ಲಿ ಹಿಂದೆ ಸರಿಯುವಾಗ, ಕುಡಿದ ಅಮಲಿನಲ್ಲಿ ಮಗ ಟಿಪ್ಪುವನ್ನೇ ಹೊಡೆದ. ಬೆಳಕು ಹರಿದಾಗ ಚಿನಕುರಳಿಯ ಬಳಿ ಮರಾಠಾ ಕುದುರೆ ಸುತ್ತುವರಿದು ಅವನ ಸೈನ್ಯವನ್ನು ಚಿಂದಿ ಮಾಡಿತು.